ಕ್ರಿಸ್ತನ ಪುನರಾಗಮನ ಮತ್ತು ಅಂತಿಮ ನ್ಯಾಯತೀರ್ಪು

ಶಿಲುಬೆಯ ಮೇಲೆ ಸತ್ತು, ಮೂರನೆಯ ದಿನ ಜೀವಂತವಾಗಿ ಎದ್ದು, ಸ್ವರ್ಗಕ್ಕೆ ಏರಿಹೋದ ಯೇಸುಕ್ರಿಸ್ತ ಲೋಕದ ಕೊನೆಯಲ್ಲಿ ಮಹಿಮೆಯೊಡನೆ ಮತ್ತೆ ಬರುತ್ತಾನೆ. ಆಗ ಸತ್ತವರೆಲ್ಲ ಏಳುತ್ತಾರೆ. ಬದುಕಿರುವವರಿಗೂ ಸತ್ತವರಿಗೂ ಅವನೇ ನ್ಯಾಯ ತೀರಿಸುತ್ತಾನೆ ಎಂಬುದು ಕ್ರೈಸ್ತ ಧರ್ಮದ ಮೂಲ ನಂಬಿಕೆಗಳಲ್ಲಿ ಒಂದು. ಕನ್ನಡದ ಕ್ರೈಸ್ತರು ಇದನ್ನು ಪುನರಾಗಮನ, ದ್ವಿತೀಯಾಗಮನ, ಎರಡನೆಯ ಬರೋಣ ಎಂದೆಲ್ಲ ಕರೆಯುತ್ತಾರೆ. ಕ್ಯಾಥೊಲಿಕ್, ಆರ್ಥಡಾಕ್ಸ್, ಪ್ರಾಟೆಸ್ಟಂಟ್ ಎಂಬ ಮೂರು ದೊಡ್ಡ ಕವಲುಗಳೂ ಇದನ್ನು ಒಪ್ಪುತ್ತವೆ. ಯಾವಾಗ, ಹೇಗೆ, ಯಾವ ಕ್ರಮದಲ್ಲಿ ಎಂಬ ಪ್ರಶ್ನೆಗಳಿಗೆ ಮಾತ್ರ ಎರಡು ಸಾವಿರ ವರ್ಷಗಳಿಂದ ಬೇರೆ ಬೇರೆ ಉತ್ತರಗಳು ಬಂದಿವೆ. ದಿನ ಎಣಿಸಿದವರು ಪ್ರತಿ ಸಲವೂ ಸೋತರು, ನಂಬಿಕೆ ಅಳಿಯಲಿಲ್ಲ. ಅಳಿಯದಿರುವುದಕ್ಕೆ ಕಾರಣ ಅದರ ತಿರುಳಿನಲ್ಲೇ ಇದೆ: ಚರಿತ್ರೆಗೆ ಒಬ್ಬ ನ್ಯಾಯಾಧೀಶನಿದ್ದಾನೆ, ಅವನು ಕೇಳುವ ಮೊದಲ ಲೆಕ್ಕ ಹಸಿದವರದ್ದು.

ಪದಗಳು

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ನಂಬಿಕೆಗೆ ಹೆಚ್ಚಾಗಿ ಬಳಕೆಯಾದ ಪದ ‘ಪರೂಸಿಯಾ’. ಬರುವಿಕೆ, ಸನ್ನಿಧಿ ಎಂಬ ಎರಡೂ ಅರ್ಥ ಅದಕ್ಕಿದೆ. ರಾಜನೋ ಚಕ್ರವರ್ತಿಯೋ ಪಟ್ಟಣಕ್ಕೆ ಬಿಜಯಮಾಡುವುದನ್ನು ಆ ಕಾಲದ ಗ್ರೀಕರು ಇದೇ ಪದದಿಂದ ಹೇಳುತ್ತಿದ್ದರು. ಊರಿನ ಪ್ರಮುಖರು ಕೋಟೆ ಬಾಗಿಲಿನಾಚೆಗೆ ಹೋಗಿ, ಬರುವವನನ್ನು ಎದುರುಗೊಂಡು ಒಳಗೆ ಕರೆತರುವುದು ವಾಡಿಕೆಯಾಗಿತ್ತು. ಇನ್ನೊಂದು ಪದ ‘ಅಪೊಕಲಿಪ್ಸಿಸ್’. ಮುಸುಕು ತೆಗೆಯುವುದು ಎಂದು ಅದರ ಅರ್ಥ. ಗ್ರೀಕ್ ಮಾತಾಡುತ್ತಿದ್ದ ಸಭೆಗಳು ಕೂಡ ಅರಾಮಿಕ್ ಭಾಷೆಯಲ್ಲೇ ಉಳಿಸಿಕೊಂಡ ಒಂದು ಮೊರೆ ‘ಮಾರನಾಥಾ’. ನಮ್ಮ ಒಡೆಯನೇ ಬಾ ಎಂದು ಅದನ್ನು ಸಾಮಾನ್ಯವಾಗಿ ಅರ್ಥೈಸುತ್ತಾರೆ. ಯೇಸುವಿನ ಮೊದಲ ಶಿಷ್ಯರ ತಾಯ್ನುಡಿಯ ಈ ಪದ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲೂ ‘ದಿದಾಖೆ’ ಎಂಬ ಪ್ರಾಚೀನ ಕೈಪಿಡಿಯಲ್ಲೂ ಇದೆ. ಕ್ರೈಸ್ತ ಸಮುದಾಯ ಹುಟ್ಟಿದಂದಿನಿಂದಲೇ ಕಾಯುವ ಸಮುದಾಯವಾಗಿತ್ತು ಎಂಬುದಕ್ಕೆ ಇದು ಸಾಕ್ಷಿ. ಲೋಕದ ಕೊನೆಯ ಸಂಗತಿಗಳನ್ನು ಕುರಿತ ದೇವಶಾಸ್ತ್ರದ ವಿಭಾಗಕ್ಕೆ ಎಸ್ಕಟಾಲಜಿ ಅಥವಾ ಅಂತ್ಯಶಾಸ್ತ್ರ ಎಂದು ಹೆಸರು. ಮರಣ, ನ್ಯಾಯತೀರ್ಪು, ಸ್ವರ್ಗ, ನರಕ ಎಂಬ ನಾಲ್ಕು ಅಂತ್ಯಗಳನ್ನು ಅದು ಸಾಂಪ್ರದಾಯಿಕವಾಗಿ ವಿಚಾರಿಸುತ್ತದೆ.

ಯೆಹೂದಿ ಹಿನ್ನೆಲೆ

ಈ ನಂಬಿಕೆಯ ಬೇರು ಇಸ್ರಾಯೇಲಿನ ಪ್ರವಾದಿಗಳಲ್ಲಿದೆ. ಕ್ರಿ.ಪೂ. 8ನೆಯ ಶತಮಾನದ ಆಮೋಸ ತೆಕೋವ ಎಂಬ ಊರಿನ ಕುರಿಗಾಹಿ. ‘ಕರ್ತನ ದಿನ’ ಬಂದರೆ ಶತ್ರುಗಳು ಸೋತು ತಾವು ಗೆಲ್ಲುತ್ತೇವೆಂದು ಜನ ಹಿಗ್ಗುತ್ತಿದ್ದ ಕಾಲದಲ್ಲಿ, ಆ ದಿನ ನಿಮಗೇ ಕತ್ತಲಾದೀತು ಎಂದು ಎಚ್ಚರಿಸಿದವನು ಅವನು. ಬಡವನನ್ನು ಒಂದು ಜೊತೆ ಕೆರದ ಬೆಲೆಗೆ ಮಾರುವವರು, ಅಳತೆಯಲ್ಲಿ ತೂಕದಲ್ಲಿ ಮೋಸ ಮಾಡುವವರು ಅವನ ಕಣ್ಣಿಗೆ ಮೊದಲ ಅಪರಾಧಿಗಳು. ತೀರ್ಪಿನ ದಿನ ಪರರಿಗೆ ಮಾತ್ರವಲ್ಲ, ದೇವರ ಹೆಸರು ಹೇಳುವವರಿಗೂ ಉಂಟು ಎಂಬ ಅರಿವು ಇಲ್ಲಿಂದ ಮುಂದೆ ಬೈಬಲ್ಲಿನ ಉದ್ದಕ್ಕೂ ಹರಿಯುತ್ತದೆ.

ಎರಡನೆಯ ಮುಖ್ಯ ಆಕರ ದಾನಿಯೇಲನ ಗ್ರಂಥ. ಕ್ರಿ.ಪೂ. 2ನೆಯ ಶತಮಾನದಲ್ಲಿ ಸಿರಿಯದ ದೊರೆ ನಾಲ್ಕನೆಯ ಆಂಟಿಯೋಕಸ್ ಜೆರುಸಲೇಮಿನ ದೇವಾಲಯವನ್ನು ಹೊಲೆಗೆಡಿಸಿ, ಯೆಹೂದಿ ಧರ್ಮವನ್ನು ಹತ್ತಿಕ್ಕಲು ಹೊರಟ ಕಾಲದ ನೋವು ಈ ಗ್ರಂಥದ ಹಿಂದಿದೆ ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಮೃಗಗಳ ರೂಪದ ಸಾಮ್ರಾಜ್ಯಗಳು ಒಂದೊಂದಾಗಿ ಉರುಳಿದ ಮೇಲೆ ಮೇಘಗಳೊಡನೆ ಬರುವ ಮನುಷ್ಯಕುಮಾರನಂಥ ಒಬ್ಬನಿಗೆ ನಿತ್ಯವಾದ ಆಳ್ವಿಕೆ ದೊರೆಯುವ ದರ್ಶನ ಇದರ ಏಳನೆಯ ಅಧ್ಯಾಯದಲ್ಲಿದೆ. ಸತ್ತವರು ಎದ್ದು, ಕೆಲವರು ಜೀವಕ್ಕೂ ಕೆಲವರು ನಿಂದೆಗೂ ಗುರಿಯಾಗುವರೆಂಬ ಸ್ಪಷ್ಟವಾದ ಮಾತು ಹನ್ನೆರಡನೆಯ ಅಧ್ಯಾಯದಲ್ಲಿ ಬರುತ್ತದೆ. ಧರ್ಮಕ್ಕಾಗಿ ಪ್ರಾಣ ಕೊಟ್ಟವರಿಗೆ ಈ ಲೋಕದಲ್ಲಿ ನ್ಯಾಯ ಸಿಗಲಿಲ್ಲ. ಹಾಗಾದರೆ ದೇವರ ನ್ಯಾಯ ಎಲ್ಲಿ ಎಂಬ ಸಂಕಟದಿಂದಲೇ ಪುನರುತ್ಥಾನದ ಭರವಸೆ ಬಲಿಯಿತು.

ಯೇಸುವಿನ ಬೋಧನೆ

ದೇವರ ರಾಜ್ಯ ಹತ್ತಿರ ಬಂದಿದೆ ಎಂಬುದು ಯೇಸುವಿನ ಸಾರೋಣದ ಸಾರ. ಕೊನೆಯ ಕಾಲವನ್ನು ಕುರಿತ ಅವನ ದೀರ್ಘ ಬೋಧನೆ ಮತ್ತಾಯ 24, ಮಾರ್ಕ 13, ಲೂಕ 21ನೆಯ ಅಧ್ಯಾಯಗಳಲ್ಲಿದೆ. ಹೆರೋದನು ವಿಸ್ತರಿಸಿದ್ದ ದೇವಾಲಯದ ಬೃಹತ್ ಕಲ್ಲುಗಳನ್ನು ನೋಡಿ ಶಿಷ್ಯರು ಬೆರಗಾದಾಗ, ಅವು ಕಲ್ಲಿನ ಮೇಲೆ ಕಲ್ಲು ನಿಲ್ಲದಂತೆ ಬಿದ್ದುಹೋಗುವುದಾಗಿ ಯೇಸು ಹೇಳುತ್ತಾನೆ. ಬಳಿಕ ಎದುರಿನ ಎಣ್ಣೆಮರಗಳ ಗುಡ್ಡದ ಮೇಲೆ ಕುಳಿತು ಯುದ್ಧ, ಬರ, ಭೂಕಂಪ, ಹಿಂಸೆ, ಸುಳ್ಳು ಪ್ರವಾದಿಗಳು, ಕೊನೆಗೆ ಮನುಷ್ಯಕುಮಾರನ ಬರುವಿಕೆ ಇವನ್ನೆಲ್ಲ ವಿವರಿಸುತ್ತಾನೆ. ಕ್ರಿ.ಶ. 70ರಲ್ಲಿ ಟೈಟಸನ ನಾಯಕತ್ವದ ರೋಮನ್ ಸೇನೆ ಆ ದೇವಾಲಯವನ್ನು ನೆಲಸಮ ಮಾಡಿತು. ದೇವಾಲಯದ ನಾಶ, ಲೋಕದ ಅಂತ್ಯ ಎರಡೂ ಒಂದೇ ಬೋಧನೆಯಲ್ಲಿ ಹೆಣೆದುಕೊಂಡಿರುವುದರಿಂದ ಯಾವ ಮಾತು ಯಾವುದಕ್ಕೆ ಸೇರಿದ್ದು ಎಂಬ ಚರ್ಚೆ ಇಂದಿಗೂ ನಡೆದಿದೆ. ಒಂದು ವಿಷಯ ಮಾತ್ರ ನಿಸ್ಸಂದಿಗ್ಧ: ಆ ದಿನವೂ ಗಳಿಗೆಯೂ ದೇವದೂತರಿಗೆ ತಿಳಿಯದು, ತನಗೂ ತಿಳಿಯದು, ತಂದೆಗೆ ಮಾತ್ರ ತಿಳಿದಿದೆ ಎಂದು ಯೇಸುವೇ ಹೇಳಿದ್ದಾನೆ.

ಮತ್ತಾಯನ 25ನೆಯ ಅಧ್ಯಾಯ ಈ ಬೋಧನೆಯ ಶಿಖರ. ಮೊದಲು ಹತ್ತು ಕನ್ಯೆಯರ ಸಾಮತಿ: ಮದುಮಗ ತಡಮಾಡಿದಾಗ ಐವರ ದೀಪದಲ್ಲಿ ಎಣ್ಣೆ ಇತ್ತು, ಐವರಲ್ಲಿ ಇರಲಿಲ್ಲ. ಬಳಿಕ ತಲಾಂತುಗಳ ಸಾಮತಿ: ಒಡೆಯ ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟ ಆಳು ಲೆಕ್ಕ ಕೊಡಬೇಕಾಗುತ್ತದೆ. ಕೊನೆಯದು ತೀರ್ಪಿನ ಚಿತ್ರ. ಸಿಂಹಾಸನದ ಮೇಲೆ ಕುಳಿತ ಅರಸ, ಕುರುಬ ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಂತೆ ಸಕಲ ಜನಾಂಗಗಳನ್ನು ಬಲಕ್ಕೂ ಎಡಕ್ಕೂ ನಿಲ್ಲಿಸುತ್ತಾನೆ. ಅವನು ಮುಂದಿಡುವ ಲೆಕ್ಕ ಆರು ಸಂಗತಿಗಳದ್ದು: ಹಸಿವು, ಬಾಯಾರಿಕೆ, ಪರದೇಶಿತನ, ಬಟ್ಟೆಯಿಲ್ಲದಿರುವುದು, ರೋಗ, ಸೆರೆವಾಸ. ಇವುಗಳಲ್ಲಿ ನರಳುತ್ತಿದ್ದವನು ತಾನೇ ಎಂದು ಅರಸ ಹೇಳಿದಾಗ ಎರಡೂ ಕಡೆಯವರು ಚಕಿತರಾಗುತ್ತಾರೆ. ನಿನ್ನನ್ನು ನಾವು ಯಾವಾಗ ಕಂಡೆವು ಎಂದು ಬಲಗಡೆಯವರೂ ಕೇಳುತ್ತಾರೆ, ಎಡಗಡೆಯವರೂ ಕೇಳುತ್ತಾರೆ. ಸಹಾಯ ಮಾಡಿದವರು ಪುಣ್ಯದ ಲೆಕ್ಕ ಇಟ್ಟಿರಲಿಲ್ಲ. ಮಾಡದವರಿಗೆ ತಾವು ಕಡೆಗಣಿಸಿದ್ದು ಯಾರನ್ನೆಂದು ಗೊತ್ತಿರಲಿಲ್ಲ. ಕ್ರೈಸ್ತ ಲೋಕದ ಆಸ್ಪತ್ರೆ, ಅನಾಥಾಲಯ, ಕುಷ್ಠರೋಗಿಗಳ ಆರೈಕೆ, ಸೆರೆಮನೆಯ ಸೇವೆ ಇವುಗಳ ಹಿಂದೆ ಈ ಒಂದು ಪುಟದ ಒತ್ತಾಸೆ ಬಹಳ ದೊಡ್ಡದು.

ಅಪೊಸ್ತಲರ ಕಾಲ

ಯೇಸು ಸ್ವರ್ಗಕ್ಕೆ ಏರಿದಾಗ ಆಕಾಶವನ್ನೇ ನೋಡುತ್ತ ನಿಂತ ಶಿಷ್ಯರಿಗೆ, ಅವನು ಹೋದ ರೀತಿಯಲ್ಲೇ ಮತ್ತೆ ಬರುವನೆಂದು ದೇವದೂತರು ತಿಳಿಸಿದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಮೊದಲ ತಲೆಮಾರಿನ ಕ್ರೈಸ್ತರು ತಮ್ಮ ಜೀವಮಾನದಲ್ಲೇ ಆ ದಿನವನ್ನು ಕಾಣುವೆವೆಂದು ಭಾವಿಸಿದ್ದರು. ಥೆಸಲೊನೀಕ ಪಟ್ಟಣದಲ್ಲಿ ಕೆಲವರು ತೀರಿಕೊಂಡಾಗ ಉಳಿದವರು ಕಂಗೆಟ್ಟರು: ಕಾಯುತ್ತಲೇ ಸತ್ತವರ ಗತಿಯೇನು? ಕ್ರಿ.ಶ. 50ರ ಆಸುಪಾಸಿನಲ್ಲಿ, ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದಾದ ಪತ್ರದಲ್ಲಿ, ಪೌಲ ಅವರಿಗೆ ಸಮಾಧಾನ ಬರೆದ. ಕ್ರಿಸ್ತನಲ್ಲಿ ಸತ್ತವರು ಮೊದಲು ಏಳುವರು, ಬದುಕಿರುವವರು ಅವರೊಡನೆ ಸೇರಿ ಒಡೆಯನನ್ನು ಎದುರುಗೊಳ್ಳುವರು ಎಂಬುದು ಅವನ ಉತ್ತರ. ಇದನ್ನು ಕೇಳಿ ಕೆಲಸ ಬಿಟ್ಟು ಕುಳಿತವರೂ ಇದ್ದರು. ದುಡಿಯದವನಿಗೆ ಊಟದ ಹಕ್ಕಿಲ್ಲವೆಂದು ಎರಡನೆಯ ಪತ್ರ ಗದರಿಸುತ್ತದೆ. ಅಂತ್ಯಕ್ಕೆ ಮುಂಚೆ ಧರ್ಮಭ್ರಷ್ಟತೆಯೂ ‘ಅಧರ್ಮಸ್ವರೂಪ’ನೂ ಕಾಣಿಸಿಕೊಳ್ಳಬೇಕೆಂಬ ಮಾತೂ ಅದರಲ್ಲೇ ಇದೆ. ಯೋಹಾನನ ಪತ್ರಗಳಲ್ಲಿ ಬರುವ ‘ಕ್ರಿಸ್ತವಿರೋಧಿ’ಯೊಡನೆ ಇವನನ್ನು ಸೇರಿಸಿ ಮುಂದಿನವರು ಒಂದೇ ವ್ಯಕ್ತಿಯನ್ನಾಗಿ ಕಲ್ಪಿಸಿಕೊಂಡರು.

ವರ್ಷಗಳು ಕಳೆದಂತೆ ತಡವಾಯಿತೆಂಬ ಹಂಗಿಸುವಿಕೆ ಎದ್ದಿತು. ದೇವರಿಗೆ ಸಾವಿರ ವರ್ಷವೂ ಒಂದು ದಿನದಷ್ಟೇ. ತಡ ಎನ್ನುವುದು ಮನುಷ್ಯರು ತಿರುಗಿಕೊಳ್ಳಲೆಂದು ಕೊಟ್ಟ ಗಡುವು ಎಂದು ಪೇತ್ರನ ಎರಡನೆಯ ಪತ್ರ ವಾದಿಸುತ್ತದೆ. ಯೋಹಾನನ ಸುವಾರ್ತೆ ಇನ್ನೊಂದು ದಾರಿ ಹಿಡಿಯುತ್ತದೆ. ಕ್ರಿಸ್ತನ ಮಾತಿಗೆ ಕಿವಿಗೊಡುವವನು ಈಗಲೇ ಸಾವಿನಿಂದ ಜೀವಕ್ಕೆ ದಾಟಿದ್ದಾನೆ, ಬೆಳಕಿಗೆ ಬೆನ್ನು ತಿರುಗಿಸಿದವನಿಗೆ ತೀರ್ಪು ಈಗಲೇ ಆಗಿದೆ ಎಂಬುದು ಅದರ ನೋಟ.

ಪ್ರಕಟಣೆ ಗ್ರಂಥ

ಬೈಬಲ್ಲಿನ ಕೊನೆಯ ಗ್ರಂಥ ‘ಪ್ರಕಟಣೆ’. ಇದನ್ನು ಬರೆದ ಯೋಹಾನ ತಾನು ಪತ್ಮೋಸ್ ದ್ವೀಪದಲ್ಲಿದ್ದುದಾಗಿ ಹೇಳಿಕೊಳ್ಳುತ್ತಾನೆ. ಬಹುಪಾಲು ವಿದ್ವಾಂಸರು ಇದನ್ನು 1ನೆಯ ಶತಮಾನದ ಕೊನೆಗೆ, ಚಕ್ರವರ್ತಿ ಡೊಮಿಷಿಯನ್ನನ ಆಳ್ವಿಕೆಗೆ ಸೇರಿಸುತ್ತಾರೆ. ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಏಳು ಸಭೆಗಳಿಗೆ ಬರೆದ ಪತ್ರಗಳಿಂದ ಗ್ರಂಥ ಆರಂಭವಾಗುತ್ತದೆ. ಏಳು ಮುದ್ರೆ, ಏಳು ತುತೂರಿ, ಏಳು ಪಾತ್ರೆಗಳ ವಿಪತ್ತುಗಳ ಬಳಿಕ ‘ಬಾಬೆಲ್’ ಉರುಳುತ್ತದೆ. ಏಳು ಬೆಟ್ಟಗಳ ಮೇಲೆ ಕುಳಿತ ಆ ನಗರ ರೋಮ್ ಎಂದು ಮೊದಲ ಓದುಗರಿಗೆ ಅರ್ಥವಾಗುತ್ತಿತ್ತು. 666 ಎಂಬ ಸಂಖ್ಯೆ ಹೀಬ್ರೂ ಅಕ್ಷರಗಳಲ್ಲಿ ಬರೆದ ನೀರೋ ಕೈಸರನ ಹೆಸರಿನ ಮೊತ್ತವೆಂಬ ವಿವರಣೆಗೆ ಇಂದು ಹೆಚ್ಚಿನ ಮನ್ನಣೆಯಿದೆ. ಸೈತಾನನನ್ನು ಸಾವಿರ ವರ್ಷ ಬಂಧಿಸಿಡುವುದು, ಶ್ವೇತ ಸಿಂಹಾಸನದ ಮುಂದೆ ಗ್ರಂಥಗಳನ್ನು ತೆರೆದು ಸತ್ತವರಿಗೆ ಅವರವರ ಕೃತ್ಯಗಳಂತೆ ತೀರ್ಪು ಕೊಡುವುದು 20ನೆಯ ಅಧ್ಯಾಯದಲ್ಲಿ ಬರುತ್ತವೆ. ಕೊನೆಯ ಎರಡು ಅಧ್ಯಾಯಗಳಲ್ಲಿ ಹೊಸ ಆಕಾಶ, ಹೊಸ ಭೂಮಿ, ಹೊಸ ಜೆರುಸಲೇಮ್. ಗಮನಿಸಬೇಕಾದ್ದು ಈ ನಗರದ ದಿಕ್ಕು: ಮನುಷ್ಯರು ಮೇಲಕ್ಕೆ ಓಡಿಹೋಗುವುದಿಲ್ಲ, ನಗರವೇ ಭೂಮಿಗೆ ಇಳಿದು ಬರುತ್ತದೆ. ಕಣ್ಣೀರೂ ಸಾವೂ ಇಲ್ಲದ ಆ ಊರಿನ ಬಾಗಿಲುಗಳನ್ನು ಮುಚ್ಚುವುದೇ ಇಲ್ಲ. ಹಿಂಸೆಗೆ ಒಳಗಾದ ಸಣ್ಣ ಸಮುದಾಯಗಳಿಗೆ ಧೈರ್ಯ ತುಂಬಲು ಬರೆದ ಗ್ರಂಥವಿದು ಎಂಬುದನ್ನು ಮರೆತಾಗಲೆಲ್ಲ ಅದು ಪಂಚಾಂಗವಾಗಿ ಬಳಕೆಯಾಗಿದೆ.

ವಿಶ್ವಾಸ ಪ್ರಮಾಣ

325ರಲ್ಲಿ ನಿಸೇಯಾದಲ್ಲಿ ಸೇರಿದ ಮಹಾಸಭೆ ಕ್ರಿಸ್ತನು ತೀರ್ಪು ಕೊಡಲು ಬರುವನೆಂಬುದನ್ನು ವಿಶ್ವಾಸ ಪ್ರಮಾಣದಲ್ಲಿ ಸೇರಿಸಿತು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗೆ ಸೇರಿದ ವಿಸ್ತೃತ ರೂಪದಲ್ಲಿ ಅವನ ರಾಜ್ಯಕ್ಕೆ ಕೊನೆಯಿಲ್ಲ ಎಂಬ ಮಾತೂ ಬಂತು. ಕ್ರಿಸ್ತನ ಆಳ್ವಿಕೆ ಒಂದು ದಿನ ಮುಗಿಯುತ್ತದೆಂದು ಬೋಧಿಸಿದನೆಂಬ ಆಪಾದನೆ ಹೊತ್ತ ಅಂಕಿರಾದ ಮಾರ್ಸೆಲಸನಿಗೆ ಅದು ಉತ್ತರವಾಗಿತ್ತು. ಇದೇ ಪ್ರಮಾಣವನ್ನು ಇಂದಿಗೂ ಭಾನುವಾರದ ಆರಾಧನೆಯಲ್ಲಿ ಕೋಟ್ಯಂತರ ಜನ ತಮ್ಮ ತಮ್ಮ ಭಾಷೆಯಲ್ಲಿ ಎದ್ದು ನಿಂತು ಹೇಳುತ್ತಾರೆ.

ತೀರ್ಪಿನ ಸ್ವರೂಪ

ಕ್ಯಾಥೊಲಿಕ್ ಬೋಧನೆಯಲ್ಲಿ ತೀರ್ಪು ಎರಡು. ಸತ್ತೊಡನೆ ಪ್ರತಿ ಆತ್ಮಕ್ಕೂ ಆಗುವುದು ವೈಯಕ್ತಿಕ ತೀರ್ಪು. ಲೋಕದ ಕೊನೆಯಲ್ಲಿ ಎಲ್ಲರೂ ದೇಹಸಮೇತ ಎದ್ದಾಗ ಆಗುವುದು ಸಾರ್ವತ್ರಿಕ ತೀರ್ಪು. 1336ರಲ್ಲಿ ಪೋಪ್ ಹನ್ನೆರಡನೆಯ ಬೆನೆಡಿಕ್ಟ್ ಇದನ್ನು ಅಧಿಕೃತವಾಗಿ ಸ್ಪಷ್ಟಪಡಿಸಿದ. ಒಮ್ಮೆ ತೀರ್ಪಾದ ಮೇಲೆ ಮತ್ತೊಂದು ಏಕೆ? ಇದಕ್ಕೆ 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಕೊಟ್ಟ ಉತ್ತರ ಮನಮುಟ್ಟುವಂಥದು. ಮನುಷ್ಯ ಸತ್ತರೂ ಅವನ ಮಕ್ಕಳಲ್ಲಿ, ಜನರ ನೆನಪಿನಲ್ಲಿ, ಮಾಡಿದ ಕೆಲಸದ ಫಲದಲ್ಲಿ ಅವನ ಬದುಕು ಮುಂದುವರಿಯುತ್ತದೆ. ಒಬ್ಬನ ಸುಳ್ಳು ಅವನ ತರುವಾಯವೂ ಮನೆಗಳನ್ನು ಕೆಡಿಸುತ್ತದೆ, ಒಬ್ಬನ ಒಳ್ಳೆಯತನ ಅವನ ತರುವಾಯವೂ ಫಲ ಕೊಡುತ್ತದೆ. ಆದ್ದರಿಂದ ಕಾಲವೆಲ್ಲ ಮುಗಿದಾಗಲೇ ಪೂರ್ತಿ ಲೆಕ್ಕ ಸಿಗುವುದು.

ಉದ್ಧಾರ ಹೊಂದಿಯೂ ಪೂರ್ತಿ ಶುದ್ಧರಾಗದವರಿಗೆ ಶುದ್ಧೀಕರಣದ ಸ್ಥಿತಿಯೊಂದು ಇದೆಯೆಂದು ಕ್ಯಾಥೊಲಿಕರು ನಂಬುತ್ತಾರೆ. ಆರ್ಥಡಾಕ್ಸರು ಸತ್ತವರಿಗಾಗಿ ಪ್ರಾರ್ಥಿಸುತ್ತಾರಾದರೂ ಆ ಸಿದ್ಧಾಂತವನ್ನು ಒಪ್ಪಲಿಲ್ಲ. ಪ್ರಾಟೆಸ್ಟಂಟರು ಅದನ್ನು ತಳ್ಳಿಹಾಕಿದರು. ವಿಶ್ವಾಸದಿಂದಲೇ ನೀತಿವಂತಿಕೆ ಎಂದು ಸಾರಿದ ಮಾರ್ಟಿನ್ ಲೂಥರನಿಗೆ ಪುನರಾಗಮನದ ದಿನ ಭಯದ ದಿನವಾಗಿ ಉಳಿಯಲಿಲ್ಲ, ಬಿಡುಗಡೆಯ ದಿನವಾಯಿತು. ನ್ಯಾಯಾಧೀಶನೇ ರಕ್ಷಕನೂ ಆಗಿದ್ದಾನೆ ಎಂಬ ಧೈರ್ಯ ಅದರ ಹಿಂದಿತ್ತು. ಕೃತ್ಯಗಳಂತೆ ತೀರ್ಪು ಎಂಬ ಬೈಬಲ್ ಮಾತನ್ನೂ ಕೃಪೆಯಿಂದ ಉದ್ಧಾರ ಎಂಬ ಮಾತನ್ನೂ ಹೊಂದಿಸುವುದಕ್ಕೆ, ಒಳಗಿನ ವಿಶ್ವಾಸಕ್ಕೆ ಹೊರಗಿನ ಕೃತ್ಯವೇ ಸಾಕ್ಷಿ ಎಂದು ಪ್ರಾಟೆಸ್ಟಂಟ್ ದೇವಶಾಸ್ತ್ರ ವಿವರಿಸುತ್ತದೆ.

ನರಕ ನಿತ್ಯವೇ ಎಂಬುದು ಅತ್ಯಂತ ಕಠಿಣವಾದ ಪ್ರಶ್ನೆ. ನಿತ್ಯವೆಂಬುದೇ ಸಭೆಗಳ ಪ್ರಧಾನ ಬೋಧನೆ. 3ನೆಯ ಶತಮಾನದ ಒರಿಜೆನ್, 4ನೆಯ ಶತಮಾನದ ನಿಸ್ಸಾದ ಗ್ರೆಗರಿ ಕೊನೆಗೆ ಎಲ್ಲರೂ ದೇವರಲ್ಲಿ ಸೇರುವರೆಂಬ ಆಶೆಯನ್ನು ವ್ಯಕ್ತಪಡಿಸಿದರು. ಸೆವೆಂತ್ ಡೇ ಅಡ್ವೆಂಟಿಸ್ಟರು ದುಷ್ಟರು ನಿತ್ಯವಾಗಿ ನರಳುವುದಿಲ್ಲ, ಇಲ್ಲವಾಗಿಬಿಡುತ್ತಾರೆ ಎನ್ನುತ್ತಾರೆ.

ಸಾವಿರ ವರ್ಷದ ಆಳ್ವಿಕೆ

ಪ್ರಕಟಣೆ ಗ್ರಂಥದ ಸಾವಿರ ವರ್ಷವನ್ನು ಅರ್ಥಮಾಡಿಕೊಳ್ಳುವ ದಾರಿ ಮುಖ್ಯವಾಗಿ ಮೂರು. ಕ್ರಿಸ್ತ ಮೊದಲು ಬಂದು ಬಳಿಕ ಭೂಮಿಯ ಮೇಲೆ ಸಾವಿರ ವರ್ಷ ಆಳುತ್ತಾನೆ ಎಂಬುದು ಒಂದು. 2ನೆಯ ಶತಮಾನದ ಜಸ್ಟಿನ್, ಐರಿನೇಯಸ್ ಹೀಗೆ ನಂಬಿದ್ದರು. ಸುವಾರ್ತೆಯ ಪ್ರಭಾವದಿಂದ ಲೋಕ ಕ್ರಮೇಣ ಒಳ್ಳೆಯದಾಗಿ ಸುವರ್ಣಯುಗ ಬಂದ ಮೇಲೆ ಕ್ರಿಸ್ತ ಬರುತ್ತಾನೆ ಎಂಬುದು ಎರಡನೆಯದು. 18ನೆಯ ಶತಮಾನದ ಅಮೆರಿಕದ ಜೊನಾಥನ್ ಎಡ್ವರ್ಡ್ಸ್ ಇದರ ಹೆಸರಾಂತ ಪ್ರತಿಪಾದಕ. ಮೂರನೆಯದು ಹಿಪ್ಪೋದ ಆಗಸ್ಟೀನ್ ತನ್ನ ‘ದೇವರ ನಗರ’ ಗ್ರಂಥದಲ್ಲಿ ನೆಲೆಗೊಳಿಸಿದ್ದು: ಸಾವಿರ ವರ್ಷ ಎಂಬುದು ಸಂಕೇತ, ಕ್ರಿಸ್ತನ ಮೊದಲ ಆಗಮನಕ್ಕೂ ಎರಡನೆಯದಕ್ಕೂ ನಡುವಿನ ಸಭೆಯ ಕಾಲವೇ ಅದು. ಕ್ಯಾಥೊಲಿಕ್, ಆರ್ಥಡಾಕ್ಸ್, ಲೂಥರನ್ ಮತ್ತು ಹೆಚ್ಚಿನ ರಿಫಾರ್ಮ್ಡ್ ಸಭೆಗಳ ನಿಲುವು ಇದಕ್ಕೆ ಹತ್ತಿರ. ಭೂಮಿಯ ಮೇಲೆ ಸಂತರ ರಾಜ್ಯ ಕಟ್ಟುವ ವಾದವನ್ನು ಲೂಥರನ್ನರ 1530ರ ಔಗ್ಸ್‌ಬರ್ಗ್ ಪ್ರಮಾಣ ನೇರವಾಗಿ ನಿರಾಕರಿಸಿತು.

19ನೆಯ ಶತಮಾನದಲ್ಲಿ ಪ್ಲಿಮತ್ ಬ್ರದರನ್ ಪಂಥದ ಜಾನ್ ನೆಲ್ಸನ್ ಡಾರ್ಬಿ ಹೊಸದೊಂದು ಕ್ರಮ ಹಾಕಿಕೊಟ್ಟ. ಅದರ ಪ್ರಕಾರ ಮೊದಲು ನಿಜವಾದ ವಿಶ್ವಾಸಿಗಳು ಗುಟ್ಟಾಗಿ ಆಕಾಶಕ್ಕೆ ಎತ್ತಲ್ಪಡುತ್ತಾರೆ, ಬಳಿಕ ಏಳು ವರ್ಷ ಮಹಾಸಂಕಟ, ಆಮೇಲೆ ಕ್ರಿಸ್ತನ ಬಹಿರಂಗ ಆಗಮನ. 1909ರ ಸ್ಕೋಫೀಲ್ಡ್ ಬೈಬಲ್ಲಿನ ಅಡಿಟಿಪ್ಪಣಿಗಳು ಇದನ್ನು ಮನೆಮನೆಗೆ ಮುಟ್ಟಿಸಿದವು. ಕರ್ನಾಟಕದ ಅನೇಕ ಪೆಂಟೆಕೋಸ್ಟಲ್ ಮತ್ತು ಬ್ರದರನ್ ಸಭೆಗಳ ಬೋಧನೆಯಲ್ಲೂ ‘ಸಭೆಯ ಎತ್ತಲ್ಪಡುವಿಕೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಳೆಯ ಸಭೆಗಳು ಇದನ್ನು ಒಪ್ಪುವುದಿಲ್ಲ.

ದಿನ ಎಣಿಸಿದವರು

2ನೆಯ ಶತಮಾನದಲ್ಲಿ ಫ್ರಿಜಿಯದ ಮೊಂಟಾನಸ್ ಮತ್ತು ಅವನ ಜೊತೆಯ ಪ್ರವಾದಿನಿಯರು ಹೊಸ ಜೆರುಸಲೇಮ್ ತಮ್ಮ ಸೀಮೆಯಲ್ಲೇ ಇಳಿಯುತ್ತದೆಂದರು. 12ನೆಯ ಶತಮಾನದಲ್ಲಿ ಇಟಲಿಯ ಫಿಯೋರೆಯ ಜೊವಾಕಿಂ ಚರಿತ್ರೆಯನ್ನು ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಯುಗಗಳಾಗಿ ಹಂಚಿದ. ಅವನ ತರುವಾಯದವರು ಮೂರನೆಯ ಯುಗ 1260ಕ್ಕೆ ತೊಡಗುತ್ತದೆಂದು ಕಾದರು. ಎಲ್ಲಕ್ಕಿಂತ ದಾರುಣವಾದ ಘಟನೆ ಜರ್ಮನಿಯ ಮ್ಯೂನ್‌ಸ್ಟರ್ ನಗರದ್ದು. 1534ರಲ್ಲಿ ಉಗ್ರ ಅನಾಬ್ಯಾಪ್ಟಿಸ್ಟರ ಗುಂಪೊಂದು ಅದನ್ನು ಹೊಸ ಜೆರುಸಲೇಮ್ ಎಂದು ಸಾರಿತು. ಲೈಡನ್ನಿನ ಯಾನ್ ತನ್ನನ್ನು ರಾಜನೆಂದು ಘೋಷಿಸಿಕೊಂಡ. 1535ರಲ್ಲಿ ಮುತ್ತಿಗೆ ಮುಗಿದು ನಗರ ಬಿದ್ದಿತು. ಅದರ ನಾಯಕರನ್ನು ಕೊಂದು ಶವಗಳನ್ನಿಟ್ಟ ಮೂರು ಕಬ್ಬಿಣದ ಪಂಜರಗಳು ಸಂತ ಲ್ಯಾಂಬರ್ಟ್ ಚರ್ಚಿನ ಗೋಪುರದಲ್ಲಿ ಈಗಲೂ ತೂಗುತ್ತಿವೆ.

ಅಮೆರಿಕದ ರೈತ, ಬ್ಯಾಪ್ಟಿಸ್ಟ್ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಎಣಿಸಿ, ಕ್ರಿ.ಪೂ. 457ರಿಂದ ಲೆಕ್ಕ ಹಿಡಿದ. ಅವನ ಚಳವಳಿ ಕೊನೆಗೆ 1844ರ ಅಕ್ಟೋಬರ್ 22 ಎಂದು ದಿನ ಗೊತ್ತುಮಾಡಿತು. ಕೆಲವು ರೈತರು ಬೆಳೆಯನ್ನು ಹೊಲದಲ್ಲೇ ಬಿಟ್ಟರು. ರಾತ್ರಿಯೆಲ್ಲ ಪ್ರಾರ್ಥಿಸುತ್ತ ಕುಳಿತವರಿಗೆ ಎಂದಿನಂತೆ ಬೆಳಗಾಯಿತು. ‘ಮಹಾ ನಿರಾಶೆ’ ಎಂದು ಹೆಸರಾದ ಈ ಪ್ರಸಂಗದ ಬಳಿಕ ಉಳಿದವರಲ್ಲಿ ಒಂದು ಗುಂಪು 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ರೂಪುಗೊಂಡಿತು; ಆರೋಗ್ಯ ಮತ್ತು ಶಿಕ್ಷಣದ ಕೆಲಸದಲ್ಲಿ ಅದು ಇಂದು ಜಗತ್ತಿನೆಲ್ಲೆಡೆ ಇದೆ. ಯೆಹೋವನ ಸಾಕ್ಷಿಗಳು ಕ್ರಿಸ್ತನ ಅದೃಶ್ಯ ಸಾನ್ನಿಧ್ಯ 1914ರಲ್ಲಿ ತೊಡಗಿತೆಂದು ಬೋಧಿಸುತ್ತಾರೆ. 2011ರ ಮೇ 21 ಎಂದು ಹೇಳಿದ ಅಮೆರಿಕದ ಬಾನುಲಿ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಮರುವರ್ಷ ತನ್ನ ತಪ್ಪನ್ನು ಒಪ್ಪಿಕೊಂಡು ಪಶ್ಚಾತ್ತಾಪ ವ್ಯಕ್ತಪಡಿಸಿದ. ಇಂಥ ಪ್ರತಿ ಲೆಕ್ಕದ ಕೊನೆಗೂ ಮನೆಮಾರು ಕಳೆದುಕೊಂಡ, ಮನಸ್ಸು ಮುರಿದ ಸಾಮಾನ್ಯ ಭಕ್ತರಿದ್ದಾರೆ. ದಿನ ಗೊತ್ತಿಲ್ಲವೆಂದ ಯೇಸುವಿನ ಮಾತನ್ನು ಮೀರಿದ್ದಕ್ಕೆ ಬೆಲೆ ತೆತ್ತವರು ಅವರೇ.

ಕರ್ನಾಟಕದ ನಂಟು

ಈ ನಿರೀಕ್ಷೆಯ ಇತಿಹಾಸಕ್ಕೂ ಕನ್ನಡ ನಾಡಿಗೂ ಒಂದು ನಿಜವಾದ ನಂಟಿದೆ. ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗಿನ ಭಕ್ತಿಪಂಥದ ವಿದ್ವಾಂಸ ಯೊಹಾನ್ ಆಲ್ಬ್ರೆಕ್ಟ್ ಬೆಂಗೆಲ್ 18ನೆಯ ಶತಮಾನದಲ್ಲಿ ಪ್ರಕಟಣೆ ಗ್ರಂಥದ ಸಂಖ್ಯೆಗಳನ್ನು ಎಣಿಸಿ 1836ನೆಯ ಇಸವಿಯನ್ನು ಸೂಚಿಸಿದ್ದ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿಗೆ ಅದೇ ಸೀಮೆಯಿಂದ ಅನೇಕ ಯುವಕರು ಬಂದರು. ಸುವಾರ್ತೆ ಎಲ್ಲ ಜನಾಂಗಗಳಿಗೆ ಮುಟ್ಟಿದ ಮೇಲೆ ಅಂತ್ಯವೆಂಬ ಮತ್ತಾಯನ ಮಾತು ಆ ಕಾಲದ ಮಿಶನರಿ ಉತ್ಸಾಹದ ಮೂಲಗಳಲ್ಲಿ ಒಂದು. 1834ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1836 ಏನೂ ಆಗದೆ ಕಳೆದುಹೋಯಿತು. ಬಂದವರು ಮಾತ್ರ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ಕಟ್ಟುತ್ತ ಉಳಿದರು. ವ್ಯೂರ್ಟೆಂಬರ್ಗಿನವನೇ ಆದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ. 1894ರಲ್ಲಿ ಅದೇ ಮಿಶನ್ನಿನ ಕಿಟೆಲ್ಲನ ಕನ್ನಡ ನಿಘಂಟು ಬಂತು. ಬಾಸೆಲ್ಲಿನವರು ಬರುವುದಕ್ಕೂ ಮುಂಚೆ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ ಅನುವಾದಕ್ಕೆ ಕೈಹಾಕಿದ್ದ. ನ್ಯಾಯತೀರ್ಪಿನ ದಿನ, ಮನುಷ್ಯಕುಮಾರ, ಪುನರುತ್ಥಾನ ಮುಂತಾದ ಪದಗಳು ಬೈಬಲ್ ಅನುವಾದಗಳ ಮೂಲಕ ಕನ್ನಡ ಕ್ರೈಸ್ತರ ನಿತ್ಯದ ಮಾತಿಗೆ ಬಂದವು. ಕ್ಯಾಥೊಲಿಕ್ ಅನುವಾದಗಳಲ್ಲಿ ಮನುಷ್ಯಕುಮಾರನ ಬದಲು ನರಪುತ್ರ ಎಂಬ ಪದವಿದೆ.

ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ, ಮಂಗಳೂರು, ಮೈಸೂರು, ಬೆಂಗಳೂರಿನ ಕ್ಯಾಥೊಲಿಕ್ ಸಮಾಧಿ ಭೂಮಿಗಳಿಗೆ ಹೋದರೆ ಈ ನಂಬಿಕೆಯನ್ನು ಕಣ್ಣಾರೆ ಕಾಣಬಹುದು. ಮನೆಯವರು ಹುಲ್ಲು ಕಿತ್ತು, ಕಲ್ಲು ತೊಳೆದು, ಸೇವಂತಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಗುರುಗಳು ಸಮಾಧಿಗಳ ನಡುವೆ ಪವಿತ್ರ ಜಲ ಚಿಮುಕಿಸುತ್ತ ನಡೆಯುತ್ತಾರೆ. ಕೆಲವು ಪ್ರಾಟೆಸ್ಟಂಟ್ ಸಭೆಗಳು ಈಸ್ಟರ್ ದಿನ ಬೆಳಗಾಗುವ ಮುಂಚೆ ಸಮಾಧಿ ಭೂಮಿಯಲ್ಲೇ ಸೇರಿ ಪ್ರಾರ್ಥಿಸುತ್ತವೆ. ಅಲ್ಲಿ ಮಲಗಿರುವವರು ಏಳಲಿಕ್ಕಿದ್ದಾರೆ ಎಂಬುದೇ ಎರಡರ ಭಾವ.

ಆರಾಧನೆ ಮತ್ತು ಕಲೆ

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಬೆತ್ಲೆಹೇಮಿನ ಶಿಶುವಿಗಾಗಿ ಮಾತ್ರವಲ್ಲ, ಬರಲಿರುವ ಅರಸನಿಗಾಗಿಯೂ ಕಾಯುವ ಕಾಲ. ಅದರ ಮೊದಲ ಭಾಗದ ವಾಚನಗಳು ಪುನರಾಗಮನವನ್ನೇ ಕುರಿತವು. 1925ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಆರಂಭಿಸಿದ ಕ್ರಿಸ್ತರಾಜನ ಹಬ್ಬ ಈಗ ಆರಾಧನಾ ವರ್ಷದ ಕೊನೆಯ ಭಾನುವಾರ ಬರುತ್ತದೆ. ಆರ್ಥಡಾಕ್ಸ್ ಸಭೆ ಮಹಾ ಉಪವಾಸಕ್ಕೆ ಮುಂಚಿನ ಒಂದು ಭಾನುವಾರವನ್ನು ಅಂತಿಮ ತೀರ್ಪಿಗೇ ಮೀಸಲಿಟ್ಟು ಮತ್ತಾಯ 25ನ್ನು ಓದುತ್ತದೆ. ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸುವ ಪ್ರಾಚೀನ ರೂಢಿಗೆ, ಸೂರ್ಯೋದಯದ ದಿಕ್ಕಿನಿಂದ ಕ್ರಿಸ್ತ ಬರುವನೆಂಬ ನಿರೀಕ್ಷೆಯೂ ಕಾರಣ.

ಯೂರೋಪಿನ ಮಧ್ಯಯುಗದ ಚರ್ಚುಗಳು ತೀರ್ಪಿನ ಚಿತ್ರವನ್ನು ಹೆಚ್ಚಾಗಿ ಪಶ್ಚಿಮ ಬಾಗಿಲಿನ ಮೇಲೆ ಕೆತ್ತಿಸಿದವು. ಫ್ರಾನ್ಸಿನ ಔತೂನಿನಲ್ಲಿ ಸುಮಾರು 1130ರ ಕೆತ್ತನೆಯಲ್ಲಿ ಎರಡು ದೈತ್ಯ ಕೈಗಳು ಒಬ್ಬನ ತಲೆಯನ್ನು ಹಿಡಿದೆತ್ತುತ್ತಿವೆ. ಪಾದುವಾದ ಸ್ಕ್ರೊವೆನ್ಯಿ ಚಾಪೆಲ್ಲಿನಲ್ಲಿ ಜೊತ್ತೊ, ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್ಲಿನಲ್ಲಿ 1536ರಿಂದ 1541ರವರೆಗೆ ಮೈಕೆಲೇಂಜೆಲೊ ಇದೇ ವಸ್ತುವನ್ನು ಗೋಡೆತುಂಬ ಬರೆದರು. ಮೈಕೆಲೇಂಜೆಲೊವಿನ ಚಿತ್ರದಲ್ಲಿ ಸಂತ ಬಾರ್ತೊಲೊಮಾಯ ಹಿಡಿದ ಸುಲಿದ ಚರ್ಮದ ಮೇಲಿರುವ ಮುಖ ಕಲಾವಿದನದೇ ಎಂದು ಗುರುತಿಸಲಾಗಿದೆ. ತೀರ್ಪಿಗೆ ತನ್ನನ್ನೂ ಒಪ್ಪಿಸಿಕೊಂಡವನ ಕೆಲಸ ಅದು.

ಇವೆಲ್ಲಕ್ಕಿಂತ ನಂಬಿಕೆಯ ತಿರುಳಿಗೆ ಹತ್ತಿರವಾದ ಚಿತ್ರ ಫ್ರಾನ್ಸಿನ ಬೋನ್ ಪಟ್ಟಣದಲ್ಲಿದೆ. 1443ರಲ್ಲಿ ಅಲ್ಲಿ ಬಡವರಿಗಾಗಿ ಆಸ್ಪತ್ರೆಯೊಂದನ್ನು ಸ್ಥಾಪಿಸಲಾಯಿತು. ಅದರ ದೊಡ್ಡ ಹಜಾರದ ಕೊನೆಯಲ್ಲಿದ್ದ ಚಾಪೆಲ್ಲಿಗೆ ರೋಗಿರ್ ವಾನ್ ಡರ್ ವೇಡನ್ ತೀರ್ಪಿನ ಚಿತ್ರಫಲಕಗಳನ್ನು ಬರೆದ. ಹಾಸಿಗೆ ಹಿಡಿದ ರೋಗಿಗಳಿಗೆ ಮಲಗಿದಲ್ಲಿಂದಲೇ ಬಲಿಪೀಠ ಕಾಣುತ್ತಿತ್ತು. ಭಾನುವಾರ, ಹಬ್ಬಗಳಂದು ಫಲಕದ ಬಾಗಿಲುಗಳನ್ನು ತೆರೆಯುತ್ತಿದ್ದರು. ನಡುವೆ ಸಂತ ಮಿಕಾಯೇಲ ತಕ್ಕಡಿ ಹಿಡಿದು ನಿಂತಿದ್ದಾನೆ. ಈ ಚಿತ್ರದಲ್ಲಿ ಪಿಶಾಚಿಗಳಿಲ್ಲ, ಯಾರೂ ಯಾರನ್ನೂ ಎಳೆಯುವುದಿಲ್ಲ. ನರಕಕ್ಕೆ ಹೋಗುವವರು ತಾವಾಗಿಯೇ ಹೋಗುತ್ತಿದ್ದಾರೆ. ಚಿತ್ರದ ಎದುರು ಮಲಗಿದ್ದವರು ರೋಗಿಗಳು, ಅವರಿಗೆ ಗಂಜಿ ಕುಡಿಸುತ್ತ ಓಡಾಡುತ್ತಿದ್ದವರು ದಾದಿಯರು. ಮತ್ತಾಯ 25 ಒಂದೇ ಸೂರಿನಡಿಯಲ್ಲಿ ಬಲಿಪೀಠದ ಮೇಲೂ ಇತ್ತು, ನೆಲದ ಮೇಲೂ ಇತ್ತು.

ಆಧುನಿಕ ಚಿಂತನೆ

19ನೆಯ ಶತಮಾನದ ಕೊನೆಯಲ್ಲಿ ಯೊಹಾನೆಸ್ ವೈಸ್, 20ನೆಯ ಶತಮಾನದ ಆರಂಭದಲ್ಲಿ ಆಲ್ಬರ್ಟ್ ಷ್ವೈಟ್ಸರ್ ಇಬ್ಬರೂ ಯೇಸು ಅಂತ್ಯವನ್ನು ತೀರ ಸಮೀಪದಲ್ಲೇ ನಿರೀಕ್ಷಿಸಿದ್ದನೆಂದು ತೋರಿಸಿ ದೇವಶಾಸ್ತ್ರವನ್ನು ಅಲುಗಿಸಿದರು. ಷ್ವೈಟ್ಸರನ ಪ್ರಸಿದ್ಧ ಗ್ರಂಥ ಬಂದದ್ದು 1906ರಲ್ಲಿ. ವೈದ್ಯಶಾಸ್ತ್ರ ಕಲಿತು 1913ರಲ್ಲಿ ಆಫ್ರಿಕದ ಲಂಬರೇನೆಗೆ ರೋಗಿಗಳ ಸೇವೆಗೆ ಹೊರಟವನೂ ಅವನೇ. ದೇವರ ರಾಜ್ಯ ಯೇಸುವಿನಲ್ಲೇ ಬಂದಾಗಿದೆ ಎಂದು ಬ್ರಿಟನ್ನಿನ ಸಿ.ಎಚ್. ಡಾಡ್ ವಾದಿಸಿದ. ಆಗಲೇ ಬಂದಿದೆ, ಇನ್ನೂ ಪೂರ್ಣವಾಗಿಲ್ಲ ಎಂಬ ಎರಡನ್ನೂ ಒಟ್ಟಿಗೆ ಹಿಡಿದ ಆಸ್ಕರ್ ಕುಲ್‌ಮನ್, ನಿರ್ಣಾಯಕ ಕಾಳಗ ಗೆದ್ದಾಗಿದೆ, ಯುದ್ಧ ಮುಗಿದ ದಿನ ಇನ್ನೂ ಬರಬೇಕಿದೆ ಎಂದು 1946ರಲ್ಲಿ ಹೋಲಿಸಿ ಹೇಳಿದ. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕನಾಗಿದ್ದು, ಸೆರೆಶಿಬಿರದಲ್ಲಿ ಬೈಬಲ್ ಓದಿ ಕ್ರೈಸ್ತನಾದ ಯೂರ್ಗನ್ ಮೋಲ್ಟ್‌ಮನ್ 1964ರ ತನ್ನ ‘ಭರವಸೆಯ ದೇವಶಾಸ್ತ್ರ’ದಲ್ಲಿ ಅಂತ್ಯದ ನಿರೀಕ್ಷೆಯನ್ನು ಇಡೀ ಕ್ರೈಸ್ತ ಚಿಂತನೆಯ ಚಾಲಕ ಶಕ್ತಿಯೆಂದು ಎತ್ತಿಹಿಡಿದ. ಹೊಸ ಭೂಮಿಯ ನಿರೀಕ್ಷೆ ಈ ಭೂಮಿಯ ಕಾಳಜಿಯನ್ನು ಕುಗ್ಗಿಸಬಾರದು, ಹೆಚ್ಚಿಸಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಈ ಚಿಂತಕರಿಗೆಲ್ಲ ಮುಂಚೆಯೇ ಅಮೆರಿಕದ ಕರಿಯ ಗುಲಾಮರು ತೀರ್ಪಿನ ದಿನವನ್ನು ಹಾಡಿಕೊಂಡು ಬದುಕಿದವರು. ಧಣಿಯ ಮೇಲೂ ಒಬ್ಬ ಒಡೆಯನಿದ್ದಾನೆ ಎಂಬುದು ಅವರಿಗೆ ಬೆದರಿಕೆಯಾಗಿರಲಿಲ್ಲ, ಉಸಿರಾಗಿತ್ತು.

ಇತರ ಧರ್ಮಗಳೊಡನೆ ಹೋಲಿಕೆ

ಇಸ್ಲಾಮಿನ ಹದೀಸ್ ಪರಂಪರೆಯಲ್ಲೂ ಮರಿಯಮಳ ಮಗ ಈಸಾ ಕೊನೆಯ ಕಾಲದಲ್ಲಿ ಮರಳಿ ಬಂದು ದಜ್ಜಾಲನನ್ನು ಸೋಲಿಸುವನೆಂಬ ನಂಬಿಕೆಯಿದೆ. ತೀರ್ಪಿನ ಒಡೆತನ ಮಾತ್ರ ಅಲ್ಲಾಹನದು. ಕಲಿಯುಗದ ಕೊನೆಗೆ ಬರುವ ಕಲ್ಕಿಯ ನೆನಪು ಕನ್ನಡ ಓದುಗರಿಗೆ ಸಹಜ. ಯುಗಗಳು ಚಕ್ರದಂತೆ ಮರಳಿ ಮರಳಿ ಬರುತ್ತವೆಂಬ ಕಲ್ಪನೆಯಲ್ಲಿ ಕಲ್ಕಿ ಒಂದು ಸುತ್ತನ್ನು ಮುಗಿಸಿ ಇನ್ನೊಂದಕ್ಕೆ ದಾರಿ ಮಾಡುತ್ತಾನೆ. ಕ್ರೈಸ್ತ ನಂಬಿಕೆಯಲ್ಲಿ ಕಾಲಕ್ಕೆ ಒಂದೇ ನಡೆ, ಒಂದೇ ಕೊನೆ. ಬರುವವನು ಹೊಸಬನಲ್ಲ, ಒಮ್ಮೆ ಬಂದು ಗಾಯಗೊಂಡು ಹೋದವನೇ.

ಸಾರ

ದಿನಾಂಕಗಳು ಬಂದವು, ಹೋದವು. ಮ್ಯೂನ್‌ಸ್ಟರಿನ ಪಂಜರಗಳೂ ಬೋನ್ ಆಸ್ಪತ್ರೆಯ ಹಾಸಿಗೆಗಳೂ ಒಂದೇ ನಂಬಿಕೆಯಿಂದ ಹುಟ್ಟಿದ ಎರಡು ದಾರಿಗಳು. ಕ್ರೈಸ್ತ ಗ್ರಂಥಗಳು ಅಂತಿಮ ತೀರ್ಪಿನ ದಿನವನ್ನು ಎಲ್ಲಿಯೂ ತಿಳಿಸಿಲ್ಲ. ಆ ದಿನ ಕೇಳುವ ಪ್ರಶ್ನೆಗಳನ್ನು ಮಾತ್ರ ಒಂದೊಂದಾಗಿ, ಮುಂಚಿತವಾಗಿಯೇ ತಿಳಿಸಿವೆ.